ಕಾರಿನ ಚಕ್ರದ ಮೇಲೆ ಕಣ್ಣು

2016ರ ನವೆಂಬರ್. ಬೆಳಿಗ್ಗೆ ಎಂಟೂವರೆ ಗಂಟೆ. ನಾಯಂಡಹಳ್ಳಿ ಕಡೆಯಿಂದ ರಿಂಗ್ ರೋಡ್ ಹಿಡಿದು ಬೈಕಿನಲ್ಲಿ ಪೀಣ್ಯಕ್ಕೆ ಹೊರಟಿದ್ದೆ. ಹನ್ನೆರಡು ವರ್ಷ ದಿನವೂ ಓಡಾಡಿದ ದಾರಿ. ನಾಗರಬಾವಿ ಹತ್ತಿರ ಸರ್ವೀಸ್ ರಸ್ತೆ ಮುಖ್ಯರಸ್ತೆಗೆ ತೆರೆದುಕೊಳ್ಳುವ ಕಡೆ ಬಿಳಿ ಕಾರೊಂದು ನಿಂತಿತ್ತು. ಚಾಲಕರು ಕತ್ತು ತಿರುಗಿಸಿ ನನ್ನ ಕಡೆಗೇ ನೋಡಿದರು. ಕಣ್ಣಿಗೆ ಕಣ್ಣು ಕೂಡಿತು ಎಂದೇ ನನಗನ್ನಿಸಿತು. ನೋಡಿದ್ದಾರಲ್ಲ, ನಾನು ದಾಟುವವರೆಗೆ ನಿಲ್ಲುತ್ತಾರೆ ಎಂದುಕೊಂಡು ಅದೇ ಐವತ್ತರ ವೇಗದಲ್ಲಿ ಮುಂದುವರಿದೆ.

ಕಾರು ಬಂತು. ಬ್ರೇಕ್ ಒತ್ತಿದ್ದು ನೆನಪಿದೆ, ಅದರ ಬಲಗಡೆಯ ಮಡ್‌ಗಾರ್ಡಿಗೆ ಗುದ್ದಿದ್ದು ನೆನಪಿದೆ, ಆಮೇಲೆ ಆಕಾಶ ಕಂಡದ್ದು ನೆನಪಿದೆ. ಎಡಗಡೆಯ ಕಾಲರ್ ಬೋನ್ ಮುರಿದಿತ್ತು. ಮುಖ ಮುಚ್ಚುವ ಹೆಲ್ಮೆಟ್ಟಿನ ಗಲ್ಲದ ಭಾಗ ಡಾಂಬರಿಗೆ ಉಜ್ಜಿ ಬೆಳ್ಳಗಾಗಿತ್ತು. ಅರ್ಧ ಹೆಲ್ಮೆಟ್ ಹಾಕಿದ್ದರೆ ಆ ಜಾಗದಲ್ಲಿ ಇದ್ದದ್ದು ನನ್ನ ದವಡೆ. ಆ ಚಾಲಕರೇ ನನ್ನನ್ನು ಎತ್ತಿ ಕೂರಿಸಿದರು, ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಹೇಳಿದ್ದು ಒಂದೇ ಮಾತು: "ನಾನು ನೋಡಿದೆ ಸಾರ್, ದೇವ್ರಾಣೆ ನೋಡಿದೆ. ರೋಡಲ್ಲಿ ಯಾರೂ ಇರ್ಲಿಲ್ಲ."

ಆಗ ಆ ಮಾತು ನನಗೆ ಶುದ್ಧ ಸುಳ್ಳೆನಿಸಿತ್ತು. ಆರು ವಾರ ಕೈಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತಾಗ ಅದೇ ಮಾತನ್ನು ನೆನೆದು ನೆನೆದು ಸಿಟ್ಟಾದೆ. ಅದು ಸತ್ಯವೆಂದು ಗೊತ್ತಾಗಲು ಐದು ವರ್ಷ ಬೇಕಾಯಿತು.

2021ರಲ್ಲಿ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡೆ. ಒಂದು ಭಾನುವಾರ ಅಂಥದ್ದೇ ಒಂದು ತಿರುವಿನಲ್ಲಿ ನಿಂತು, ಬಲಕ್ಕೆ ನೋಡಿ, ರಸ್ತೆ ಖಾಲಿ ಎಂದು ಕ್ಲಚ್ ಬಿಟ್ಟೆ. ಪಕ್ಕದಲ್ಲಿದ್ದ ಹೆಂಡತಿ "ರೀ, ಬೈಕು!" ಎಂದು ಚೀರಿದಳು. ಕೆಂಪು ಹೆಲ್ಮೆಟ್ಟಿನ ಹುಡುಗನೊಬ್ಬ ಬಾನೆಟ್ಟಿನ ಮುಂದೆ ಗೇಣು ದೂರದಲ್ಲಿ ಹಾದುಹೋದ. ನಾನು ನೋಡಿದ್ದೆ. ದೇವರಾಣೆ ನೋಡಿದ್ದೆ. ಅಲ್ಲಿ ಯಾರೂ ಇರಲಿಲ್ಲ.

ಕಾರನ್ನು ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಸುಮ್ಮನೆ ಕೂತೆ. ಆಗ ಕಣ್ಣಿಗೆ ಬಿದ್ದದ್ದು ಮುಂದಿನ ಗಾಜಿನ ಬಲ ಅಂಚಿನಲ್ಲಿ ಚಾವಣಿಯನ್ನು ಹೊತ್ತು ನಿಂತ ಕಂಬ. ಅಂಗೈ ಅಗಲ ಅಷ್ಟೆ. ಆದರೆ ಚಾಲಕನ ಕಣ್ಣಿಗೆ ಅದು ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಹಾಗಾಗಿ ಮೂವತ್ತು ಮೀಟರ್ ದೂರದ ಬೈಕು, ಅದರ ಮೇಲಿನ ಮನುಷ್ಯ, ಎರಡೂ ಅದರ ಹಿಂದೆ ಪೂರ್ತಿ ಅಡಗಿಬಿಡುತ್ತವೆ. ಬಸ್ಸು ಅಡಗುವುದಿಲ್ಲ, ಲಾರಿ ಅಡಗುವುದಿಲ್ಲ, ಬೈಕು ಅಡಗುತ್ತದೆ. ಕಾರೂ ಬೈಕೂ ಒಂದೇ ಜಾಗಕ್ಕೆ ಹೊಂದಿಕೊಂಡ ವೇಗದಲ್ಲಿ ಬರುತ್ತಿದ್ದರಂತೂ ಬೈಕು ಕಡೆಯ ಕ್ಷಣದವರೆಗೆ ಆ ಕಂಬದ ಮರೆಯಲ್ಲೇ ಉಳಿದುಬಿಡಬಹುದು.

ಕಂಬದ ಜೊತೆಗೆ ಕಣ್ಣಿನದೇ ಒಂದು ಗುಣವಿದೆ. ನಾವು ಕತ್ತು ತಿರುಗಿಸಿ ರಸ್ತೆ ನೋಡುವಾಗ ಕಣ್ಣು ಸಲೀಸಾಗಿ ಜಾರುವುದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತದೆ. ಆ ಜಿಗಿತದ ಹೊತ್ತಿನಲ್ಲಿ ಮಿದುಳಿಗೆ ಚಿತ್ರ ಸಿಗುವುದಿಲ್ಲ, ನಡುವಿನ ಖಾಲಿಯನ್ನು ಅದೇ ತುಂಬಿಕೊಳ್ಳುತ್ತದೆ. ಮೊಬೈಲ್ ಕೈಯಲ್ಲಿಲ್ಲದ, ಕುಡಿಯದ, ಎಚ್ಚರದ ಚಾಲಕನಿಗೂ ಹೀಗಾಗುತ್ತದೆ. ಇನ್ನು ತೊಡೆಯ ಮೇಲೆ ಫೋನ್ ಇಟ್ಟುಕೊಂಡವರ ಕಥೆ ಹೇಳುವುದೇ ಬೇಡ.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರ ತಂಡ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಬೇರೆ ವಾಹನ ಸೇರಿಕೊಂಡ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು, ಎದುರಿನ ಚಾಲಕ ಬೈಕಿನ ದಾರಿಗೆ ಅಡ್ಡ ಬಂದು ಆದವು. ಬೈಕನ್ನು ನೋಡಲೇ ಇಲ್ಲ ಎಂಬುದು ಆ ಚಾಲಕರ ಸಾಮಾನ್ಯ ಉತ್ತರ. ಮಗಳು ಇದನ್ನು ಓದಿ ಹೇಳಿದಾಗ ನನಗೆ ಆಸ್ಪತ್ರೆಯ ದಾರಿಯ ಆ ಮಾತೇ ಕೇಳಿಸಿತು. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯಲ್ಲಿ 1,68,491 ಮಂದಿ ಸತ್ತರು. ನೂರರಲ್ಲಿ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು.

ನಾನು ಕಸುಬಿನಿಂದ ಟೂಲ್ ರೂಮಿನವನು. ಲೇತ್ ಕಲಿಯುವಾಗ ಫೋರ್‌ಮನ್ ಮೊದಲ ದಿನ ಹೇಳಿದ್ದರು, "ಮಿಷನ್‌ಗೆ ನೀನು ಕಾಣಲ್ಲ ಕಣೋ. ನಿನಗೇ ಅದು ಕಾಣ್ತಿರಬೇಕು." ಅಂಗಿಯ ತೋಳು ಮಡಚದೆ, ಚಕ್ ಕೀಯನ್ನು ಚಕ್‌ನಲ್ಲೇ ಬಿಟ್ಟು ಮೋಟಾರ್ ಹಾಕುವ ಹುಡುಗರನ್ನು ಅವರು ಶಾಪಿನಿಂದ ಹೊರಗೆ ನಿಲ್ಲಿಸುತ್ತಿದ್ದರು. ಆ ಮಾತನ್ನು ರಸ್ತೆಗೂ ತಂದುಕೊಂಡಿದ್ದರೆ ನನ್ನ ಮೂಳೆ ಉಳಿಯುತ್ತಿತ್ತು.

ಈಗ ನಾನು ಚಾಲಕರ ಮುಖವನ್ನು ನಂಬುವುದಿಲ್ಲ. ಕಾರಿನ ಮುಂದಿನ ಚಕ್ರ ನೋಡುತ್ತೇನೆ. ಉರುಳುವ ಚಕ್ರದ ಮೇಲ್ತುದಿ ಕಾರಿಗಿಂತ ಎರಡರಷ್ಟು ವೇಗದಲ್ಲಿ ಚಲಿಸುತ್ತದೆ. ಆದ್ದರಿಂದ ಕಾರು ಹೊರಟಿತು ಎಂಬ ಸುದ್ದಿ ಬಂಪರಿಗಿಂತ ಮೊದಲು ಚಕ್ರದಲ್ಲಿ ಕಾಣುತ್ತದೆ. ಅಲಾಯ್ ವೀಲಿನ ಕಡ್ಡಿ ಒಂದಿಷ್ಟು ತಿರುಗಿದರೂ ಸಾಕು. ಚಕ್ರ ಯಾವ ಕಡೆಗೆ ಓರೆಯಾಗಿದೆ ಎಂಬುದು ಇಂಡಿಕೇಟರ್ ಹೇಳದ್ದನ್ನೂ ಹೇಳುತ್ತದೆ.

ಸರ್ವೀಸ್ ರಸ್ತೆ ಮುಖ್ಯರಸ್ತೆಗೆ ಸೇರುವಂಥ ಕಡೆ ಬರುವಾಗ ಆಕ್ಸಿಲರೇಟರ್ ಬಿಟ್ಟು ಎರಡು ಬೆರಳನ್ನು ಮುಂದಿನ ಬ್ರೇಕಿನ ಮೇಲೆ ಇಡುತ್ತೇನೆ. ಐವತ್ತರ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಗಾಬರಿಯಾಗಿ ಬ್ರೇಕ್ ಹುಡುಕುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ, ನಿಲ್ಲಲು ಇನ್ನೂ ಅಷ್ಟು ಬೇಕು. ನಲವತ್ತಕ್ಕೆ ಇಳಿದರೆ ಎರಡೂ ಸೇರಿ 20 ಮೀಟರಿನ ಆಸುಪಾಸಿಗೆ ಬರುತ್ತದೆ. ನನ್ನ ಮತ್ತು ಆ ಬಿಳಿ ಕಾರಿನ ನಡುವೆ ಇದ್ದದ್ದು ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು ಅಭ್ಯಾಸವೂ ಆಗಿದೆ: ನಿಂತ ಕಾರಿನಿಂದ ದೂರ ಸರಿದು, ನನ್ನ ಲೇನಿನೊಳಗೇ ಒಂದು ಮಾರು ಬಲಕ್ಕೆ ಹೋಗುತ್ತೇನೆ, ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿಕೊಂಡು. ಜಾಗವೂ ಸಿಗುತ್ತದೆ, ಕಂಬದ ಮರೆಯಿಂದ ಆಚೆಗೂ ಬರುತ್ತೇನೆ. ನೇರವಾಗಿ ಬರುವ ಸಣ್ಣ ವಸ್ತುವಿಗಿಂತ ಅಡ್ಡಡ್ಡ ಸರಿಯುವ ವಸ್ತು ಬೇಗ ಕಣ್ಣಿಗೆ ಬೀಳುತ್ತದೆ.

ಹಾರ್ನನ್ನು ನಾನು ನೆಚ್ಚಿಕೊಂಡಿಲ್ಲ. ಗಾಜು ಏರಿಸಿ, ಎಸಿ ಹಾಕಿ, ಹಾಡು ಹಚ್ಚಿದವರಿಗೆ ಅದು ಪಕ್ಕದ ಬೀದಿಯ ಸದ್ದು.

ಫೋನ್ ನೋಡುವವರು ಹಿಂದಿನಿಂದಲೇ ಗೊತ್ತಾಗುತ್ತಾರೆ. ಹಸಿರು ಬಿದ್ದರೂ ಕಾರು ಕದಲುವುದಿಲ್ಲ, ಆಮೇಲೆ ಧಡಕ್ಕನೆ ಓಡುತ್ತದೆ. ಮುಂದೆ ಯಾರೂ ಇಲ್ಲದ ಕಡೆ ಬ್ರೇಕ್ ಲೈಟು ಉರಿಯುತ್ತದೆ. ಬಿಳಿ ಗೆರೆಯ ಕಡೆಗೆ ಮೆಲ್ಲಗೆ ಜಾರಿ ಮತ್ತೆ ಥಟ್ಟನೆ ನೇರವಾಗುತ್ತದೆ. ಅಂಥ ಕಾರಿನ ಪಕ್ಕದಲ್ಲಿ ನಾನು ಒಂದು ಕ್ಷಣವೂ ಇರುವುದಿಲ್ಲ. ಹಿಂದಕ್ಕುಳಿಯುತ್ತೇನೆ, ಇಲ್ಲವೆ ಜಾಗ ನೋಡಿ ಪೂರ್ತಿ ಮುಂದೆ ಹೋಗುತ್ತೇನೆ. ಸಿಗ್ನಲ್‌ನಲ್ಲಿ ಕ್ಯಾಬಿನ ಎಡಗಡೆ ನುಸುಳುವುದನ್ನೂ ಬಿಟ್ಟೆ. ಕಚೇರಿಗೆ ತಡವಾದ ಪ್ರಯಾಣಿಕರು ಬಾಗಿಲು ತೆಗೆದು ಇಳಿಯುವುದು ಅಲ್ಲೇ, ಹಿಂದೆ ತಿರುಗಿ ನೋಡುವವರು ಅಪರೂಪ.

ಬಿಸಿಲಿನದೊಂದು ಲೆಕ್ಕವಿದೆ, ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಸಂಜೆ ಸುಮನಹಳ್ಳಿಯಿಂದ ಮಾಗಡಿ ರಸ್ತೆಯಲ್ಲಿ ಪೇಟೆಯ ಕಡೆ ಬರುವಾಗ ನನ್ನ ನೆರಳು ನನ್ನ ಮುಂದೆ ಉದ್ದಕ್ಕೆ ಬಿದ್ದಿರುತ್ತದೆ. ನನಗೆ ಎಲ್ಲವೂ ಸ್ಪಷ್ಟ. ಆದರೆ ಎದುರಿನಿಂದ ಬಂದು ಯೂ ಟರ್ನ್ ಹೊಡೆಯುವವರ ಕಣ್ಣಿಗೆ ನೇರ ಸೂರ್ಯ, ಅದರ ನಡುವೆ ನಾನೊಂದು ಕಪ್ಪು ಚುಕ್ಕಿ. ನೆರಳು ಮುಂದೆ ಉದ್ದವಾದಷ್ಟೂ ಎದುರಿನವರಿಗೆ ನಾನು ಕಾಣುವುದು ಕಡಿಮೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ತಾನಾಗಿಯೇ ಉರಿಯುತ್ತಿರುತ್ತದೆ. ನನ್ನ ಗಾಡಿ ಅದಕ್ಕಿಂತ ಹಳೆಯದು, ಹಾಗಾಗಿ ಹಗಲಲ್ಲೂ ನಾನೇ ಸ್ವಿಚ್ ಹಾಕುತ್ತೇನೆ. ದಾರಿಯಲ್ಲಿ ಹೋಗುವವರು "ಲೈಟು, ಲೈಟು" ಎಂದು ಕೈಸನ್ನೆ ಮಾಡುತ್ತಾರೆ. ಅಂದರೆ ಅವರಿಗೆ ನಾನು ಕಂಡಿದ್ದೇನೆ.

ಅವತ್ತು ತಪ್ಪು ಆ ಬಿಳಿ ಕಾರಿನ ಚಾಲಕರದೇ, ದಾರಿಯ ಹಕ್ಕು ನನ್ನದೇ, ಕಾನೂನು ನನ್ನ ಪರವಾಗಿಯೇ ಇತ್ತು. ಆದರೂ ಎಡಭುಜ ಇವತ್ತಿಗೂ ಚಳಿಗಾಲದಲ್ಲಿ ನೋಯುವುದು ನನಗೇ. ಈ ವರ್ಷ ಮಗಳು ಸ್ಕೂಟರ್ ಓಡಿಸಲು ಶುರುಮಾಡಿದ್ದಾಳೆ. ನಿಯಮ ಹೇಳಿಕೊಡುವ ಮೊದಲು ಅವಳನ್ನು ನಮ್ಮ ಕಾರಿನ ಚಾಲಕನ ಸೀಟಿನಲ್ಲಿ ಕೂರಿಸಿದೆ. ಬೀದಿಯ ತುದಿಯಿಂದ ನಾನು ಬೈಕಿನಲ್ಲಿ ಬಂದೆ. "ಕಂಡಾಗ ಕೂಗು" ಎಂದಿದ್ದೆ. ಅವಳು ಕೂಗುವ ಹೊತ್ತಿಗೆ ನಾನು ಬಾನೆಟ್ಟಿನ ಹತ್ತಿರಕ್ಕೇ ಬಂದಿದ್ದೆ.

ಕಾರು ಓಡಿಸುವವರಲ್ಲಿ ಒಂದು ಕೇಳಿಕೆ. ಮುಖ್ಯರಸ್ತೆಗೆ ಇಳಿಯುವ ಮೊದಲು ಸೀಟಿನಿಂದ ಒಂದಿಷ್ಟು ಮುಂದಕ್ಕೆ ಬಾಗಿ, ಆ ಕಂಬದ ಆಚೆ ಈಚೆ ಎರಡೂ ಕಡೆ ನೋಡಿ, ಆಮೇಲೆ ಇನ್ನೊಮ್ಮೆ ನೋಡಿ. ಎರಡು ಸೆಕೆಂಡಿನ ಕೆಲಸ. ಅಲ್ಲಿ ಯಾರೋ ಬರುತ್ತಿರುತ್ತಾರೆ.