ಗಣಕದೊಳಗಿನ ದುಭಾಷಿಯ ವಿಳಾಸ

ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ಹಳೆ ವಿದ್ಯಾರ್ಥಿಗಳ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿರುವುದನ್ನು ವಾಚಕರು ಗಮನಿಸಬಹುದು. ಆ ಪಟ್ಟಿಗೊಂದು ಗಣಕ ತಂತ್ರಾಂಶವನ್ನು ಸಿದ್ಧಪಡಿಸುವ ಹೊಣೆಯನ್ನು ಸಂಚಿಕೆಯ ಸಮಿತಿಯವರು ಇದೇ ಶಾಲೆಯಲ್ಲಿ ಅಕ್ಷರ ಕಲಿತ ನನಗೆ ವಹಿಸಿದ್ದರು. ಹೆಸರುಗಳು ಕೊನೆಯ ದಿನದವರೆಗೂ ಬರುತ್ತಲೇ ಇದ್ದುದರಿಂದ ಅಧ್ಯಾಪಕರೇ ಶಾಲೆಯಲ್ಲಿ ಅದನ್ನು ನಡೆಸುವಂತಿರಬೇಕಾಗಿತ್ತು. ನನ್ನ ಮನೆಯ ವಿಂಡೋಸ್ ಯಂತ್ರದಲ್ಲಿ ಕ್ಷಣಮಾತ್ರದಲ್ಲಿ ನಡೆದ ಆ ಕೆಲಸ, ಶಾಲೆಯ ಲಿನಕ್ಸ್ ಯಂತ್ರದಲ್ಲಿ ಮೂರು ದಿನ ನನ್ನನ್ನು ಕಾಡಿತು. ಅಚ್ಚಿಗೆ ಕಳುಹಿಸುವ ದಿನ ಸಮೀಪಿಸಿತ್ತು. ತಪ್ಪು ನನ್ನದೇ. ಅದರಿಂದ ಕಲಿತುದನ್ನು, ಗಣಕವಿಜ್ಞಾನವನ್ನು ಅಭ್ಯಸಿಸುತ್ತಿರುವ ವಿದ್ಯಾರ್ಥಿಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಸಪ್ತಭಾಷೆಗಳ ನಾಡೆನಿಸಿದ ಕಾಸರಗೋಡಿನವರಿಗೆ ದುಭಾಷಿಯೆಂದರೆ ಯಾರೆಂದು ವಿವರಿಸಬೇಕಾಗಿಲ್ಲ. ಗಣಕಯಂತ್ರಕ್ಕೂ ದುಭಾಷಿ ಬೇಕು. ಮನುಷ್ಯನು ಓದಬಲ್ಲ ಭಾಷೆಯಲ್ಲಿ ಬರೆದ ಆದೇಶಗಳನ್ನು ಮೊದಲೇ ಸಂಪೂರ್ಣವಾಗಿ ಯಂತ್ರಭಾಷೆಗೆ ಪರಿವರ್ತಿಸಿಡುವುದು ಕಂಪೈಲರ್. ಆದೇಶಗಳನ್ನು ಓದುತ್ತ, ಓದಿದಂತೆ ನಡೆಸುತ್ತ ಹೋಗುವುದು ಇಂಟರ್‌ಪ್ರಿಟರ್. (ಈ ವಿಭಾಗ ಇಷ್ಟು ಸರಳವಲ್ಲವೆಂದು ಬಲ್ಲವರು ಆಕ್ಷೇಪಿಸಬಹುದು, ನಮ್ಮ ಪ್ರಸ್ತುತ ಪ್ರಯೋಜನಕ್ಕೆ ಇಷ್ಟು ಸಾಕು.) ನೆದರ್ಲೆಂಡ್ಸಿನ ಗೀಡೊ ವಾನ್ ರೋಸಮ್ ಅವರು 1991ರಲ್ಲಿ ಪ್ರಕಟಿಸಿದ ಪೈಥಾನ್ ಎಂಬ ಭಾಷೆ ಎರಡನೆಯ ಬಗೆಯದು. ನನ್ನ ತಂತ್ರಾಂಶದ ಬಹುಭಾಗ ಈ ಭಾಷೆಯಲ್ಲಿತ್ತು. ಹೆಸರುಗಳನ್ನು ಜೋಡಿಸುವ ಘಟಕವನ್ನು ಮಾತ್ರ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದು, ಐಸಿಯು ಎಂಬ ಲೈಬ್ರರಿಯ ನೆರವು ಪಡೆದಿದ್ದೆನು. ಯೂನಿಕೋಡಿನ ಸಂಕೇತಸಂಖ್ಯೆಗಳ ಕ್ರಮದಲ್ಲಿ ಅನುಸ್ವಾರ ವಿಸರ್ಗಗಳು ‘ಅ’ಕಾರಕ್ಕಿಂತ ಮೊದಲೇ ಬಂದು ಕುಳಿತಿವೆ, ಅವುಗಳನ್ನು ‘ಔ’ಕಾರದ ನಂತರ ನಮ್ಮ ವರ್ಣಮಾಲೆಯ ಸ್ಥಾನದಲ್ಲಿ ಕೂರಿಸುವುದು ಐಸಿಯುವಿನ ಕೆಲಸ.

ಇಂತಹ ಬಿಡಿಭಾಗಗಳನ್ನು ಒಟ್ಟುಗೂಡಿಸಿ ನಡೆಯಬಲ್ಲ ತಂತ್ರಾಂಶವನ್ನಾಗಿ ಮಾಡುವ ಕಾರ್ಯಕ್ಕೆ ಬಿಲ್ಡ್ ಎಂದು ಹೆಸರು. ಅದರ ಮೊದಲ ಪ್ರಶ್ನೆ: ಈ ಯಂತ್ರದಲ್ಲಿ ದುಭಾಷಿ ಎಲ್ಲಿದ್ದಾನೆ? ಯಂತ್ರದಲ್ಲಿ ಪಾತ್ ಎಂಬ ಒಂದು ಪಟ್ಟಿಯಿರುತ್ತದೆ. ಅದರಲ್ಲಿ ಬರೆದಿರುವ ಫೋಲ್ಡರುಗಳನ್ನು ಒಂದೊಂದಾಗಿ ಹೊಕ್ಕು ನೋಡಿ, ಕೇಳಿದ ಹೆಸರಿನವನು ಮೊದಲು ಎಲ್ಲಿ ಸಿಕ್ಕನೋ ಅಲ್ಲಿಗೆ ಹುಡುಕಾಟ ನಿಲ್ಲುತ್ತದೆ. ನಮ್ಮೂರಿನಲ್ಲಿ ‘ನಾರಾಯಣ’ ಎಂದಷ್ಟೇ ಕೇಳಿದರೆ ಮೊದಲ ಅಂಗಳದ ನಾರಾಯಣನೇ ಓಗೊಡುತ್ತಾನೆ. ಬೇಕಾದವನು ತೋಟದಾಚೆಯವನಾಗಿದ್ದರೆ ಮನೆಯ ಹೆಸರನ್ನೂ ಕೂಡಿಸಿ ಕೇಳಬೇಕು. ಪೈಥಾನಿನ ಮೂರನೆಯ ಆವೃತ್ತಿ 2008ರಲ್ಲಿ ಬಂದಾಗ ಎರಡನೆಯದರ ಬರವಣಿಗೆಯೆಲ್ಲವೂ ಅದರಲ್ಲಿ ನಡೆಯದಾಯಿತು. ಎರಡನೆಯದರ ಪೋಷಣೆ 2020ರ ಜನವರಿ 1ರಂದು ನಿಂತಿತು. ನಡುವಿನ ಹನ್ನೊಂದು ವರ್ಷಗಳಲ್ಲಿ ಅನೇಕ ಯಂತ್ರಗಳಲ್ಲಿ ಇಬ್ಬರು ದುಭಾಷಿಗಳಿದ್ದು, ಬರಿಯ ‘ಪೈಥಾನ್’ ಎಂದು ಕರೆದರೆ ಓಗೊಡುವವನು ಯಾರೆಂಬುದು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತಿತ್ತು. ಆ್ಯಪಲ್ ಕಂಪನಿಯು 2022ರಲ್ಲಿ ಮ್ಯಾಕ್ ಯಂತ್ರಗಳ 12.3ನೆಯ ಆವೃತ್ತಿಯಿಂದ ಹಳೆಯ 2.7ನ್ನು ತೆಗೆದುಹಾಕಿದಾಗ, ಆ ಹೆಸರನ್ನೇ ನಂಬಿದ್ದ ತಂತ್ರಾಂಶಗಳು ಕೆಲಸ ನಿಲ್ಲಿಸಿದವು. ವಿಂಡೋಸಿನ ವಿಚಾರ ಇನ್ನೂ ಸ್ವಾರಸ್ಯವಾದುದು. 2019ರಿಂದೀಚೆಗೆ ಅಲ್ಲಿ ಪೈಥಾನ್ ಇಲ್ಲದಿದ್ದರೂ ಆ ಹೆಸರಿನದೊಂದು ಪೊಳ್ಳು ಕಡತವಿರುತ್ತದೆ. ಕರೆದರೆ ಅದು ಮೈಕ್ರೋಸಾಫ್ಟಿನ ಮಳಿಗೆಯ ಬಾಗಿಲನ್ನು ತೆರೆದು ತೋರಿಸುತ್ತದೆ! ಆದುದರಿಂದ ಹೆಸರು ಸಿಕ್ಕಿತೆಂದು ತೃಪ್ತರಾಗದೆ, ಸಿಕ್ಕವನನ್ನು ಮಾತನಾಡಿಸಿ ಆವೃತ್ತಿಯನ್ನು ಕೇಳಿ ತಿಳಿಯಬೇಕು.

ದುಭಾಷಿಯೊಬ್ಬನೇ ಸಿಕ್ಕರೂ ಸಾಲದು. ಸಿ ಪ್ಲಸ್ ಪ್ಲಸ್ ಘಟಕವು ಪೈಥಾನಿನೊಡನೆ ವ್ಯವಹರಿಸಬೇಕಾದರೆ ಪೈಥಾನಿನ ಹೆಡರ್ ಕಡತಗಳು ಬೇಕು. ಅಂದರೆ ಒಳಗಿನ ವಸ್ತುಗಳು ಹೇಗಿವೆ, ಯಾವ ಕಾರ್ಯವನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬ ವಿವರಣೆ. ಹಲವೆಡೆ ಲೈಬ್ರರಿಯೂ ಬೇಕು. ಡೆಬಿಯನ್, ಉಬುಂಟು ಮೊದಲಾದ ಲಿನಕ್ಸ್ ಬಗೆಗಳಲ್ಲಿ ಹೆಡರ್ ಕಡತಗಳು ದುಭಾಷಿಯ ಜೊತೆಗೆ ಬರುವುದಿಲ್ಲ. ‘ಡೆವ್’ ಎಂದು ಕೊನೆಗೊಳ್ಳುವ ಹೆಸರಿನ ಬೇರೆ ಪೊಟ್ಟಣವನ್ನು ತರಿಸಿಕೊಳ್ಳಬೇಕು. ಶಾಲೆಯಲ್ಲಿ ನನ್ನ ಮೊದಲ ದಿನ ಇಷ್ಟನ್ನು ತಿಳಿಯುವುದರಲ್ಲಿಯೇ ಕಳೆಯಿತು.

ಎರಡನೆಯ ದಿನದ ಕಥೆ ಬೇರೆ. ಬಿಲ್ಡ್ ಯಾವ ಆಕ್ಷೇಪವೂ ಇಲ್ಲದೆ ಮುಗಿಯಿತು. ಸಂತೋಷದಿಂದ ತಂತ್ರಾಂಶವನ್ನು ನಡೆಸಿದೆನು. ಒಂದು ಹೆಸರನ್ನೂ ಮುದ್ರಿಸದೆ ಅದು ಸತ್ತುಬಿದ್ದಿತು. ಮತ್ತೆ ನಡೆಸಿದರೂ ಅದೇ ಗತಿ. ನನ್ನ ಬರವಣಿಗೆಯಲ್ಲಿಯೇ ದೋಷವಿರಬೇಕೆಂದು ಸಾಲುಸಾಲಾಗಿ ಓದಿದೆನು. ಜೋಡಣೆಯ ಭಾಗವನ್ನು ಎರಡು ಬಾರಿ ತಿದ್ದಿ ಬರೆದೆನು. ದೋಷವಿದ್ದುದು ಅಲ್ಲಿರಲಿಲ್ಲ. ಆ ಯಂತ್ರದಲ್ಲಿ ಎರಡು ಪೈಥಾನುಗಳಿದ್ದವು. ವ್ಯವಸ್ಥೆಯೊಡನೆ ಬಂದ 3.8 ಒಂದು, ಯಾರೋ ಆಸಕ್ತರು ಪ್ರತ್ಯೇಕವಾಗಿ ಸ್ಥಾಪಿಸಿದ 3.11 ಇನ್ನೊಂದು. ಪಾತ್ ಪಟ್ಟಿಯಲ್ಲಿ ಎರಡನೆಯದರ ಫೋಲ್ಡರು ಮುಂದಿದ್ದುದರಿಂದ ಕರೆದಾಗ ಓಗೊಡುತ್ತಿದ್ದುದು 3.11. ನಾನು ಬಳಸಿದ್ದ ಸಿಮೇಕ್ ಎಂಬ ಬಿಲ್ಡ್ ಸಾಧನದಲ್ಲಿ ದುಭಾಷಿಯನ್ನು ಹುಡುಕುವ ಅಂಗ ಒಂದು, ಲೈಬ್ರರಿಯನ್ನು ಹುಡುಕುವ ಅಂಗ ಇನ್ನೊಂದು. ದುಭಾಷಿಯನ್ನು ಮೊದಲು ಹುಡುಕಿಸಿದರೆ ಎರಡನೆಯ ಅಂಗವು ಅವನ ಆವೃತ್ತಿಯನ್ನೇ ಅನುಸರಿಸುವುದೆಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ನಾನು ಅದನ್ನು ಓದದೆ ಲೈಬ್ರರಿಯನ್ನೇ ಮೊದಲು ಹುಡುಕಿಸಿದ್ದೆನು. ಅದಕ್ಕೆ ಸಿಕ್ಕಿದ್ದು 3.8. ಹೀಗೆ ಒಂದು ಮನೆಯ ವಿವರಣೆಯನ್ನು ನೋಡಿ ಕಟ್ಟಿದ ಘಟಕವನ್ನು ಇನ್ನೊಂದು ಮನೆಯ ದುಭಾಷಿ ನಡೆಸಲು ಹೋದನು. ಈ ಎರಡು ಆವೃತ್ತಿಗಳ ನಡುವೆ ಪೈಥಾನಿನ ಒಳವಸ್ತುಗಳ ರಚನೆ ಬದಲಾಗಿತ್ತು. ಘಟಕವು ಒಂದೆಡೆ ಇದೆಯೆಂದು ನಂಬಿದ್ದುದು ಬೇರೊಂದೆಡೆ ಇತ್ತು. ಸಿಕ್ಕಲಿಲ್ಲವೆಂಬ ಉತ್ತರಕ್ಕಿಂತ ತಪ್ಪಾಗಿ ಸಿಕ್ಕಿತೆಂಬ ಉತ್ತರವೇ ಹೆಚ್ಚು ಅಪಾಯಕಾರಿ ಎಂಬುದು ಆಗ ಅರಿವಾಯಿತು. ಮೊದಲನೆಯದು ಬಿಲ್ಡಿನ ಸಮಯದಲ್ಲಿಯೇ ಕೂಗಿ ಹೇಳುತ್ತದೆ.

ಮನೆಯಲ್ಲಿ ಈ ತೊಡಕೇ ಕಾಣಿಸಿಕೊಳ್ಳದಿದ್ದುದೇಕೆ? ಅಲ್ಲಿದ್ದುದು ಒಂದೇ ಪೈಥಾನ್.

ಪರಿಹಾರವೇನೆಂದರೆ, ದುಭಾಷಿಯನ್ನು ಮೊದಲು ನಿಶ್ಚಯಿಸಿಕೊಂಡು ಉಳಿದುದನ್ನೆಲ್ಲ ಅವನನ್ನೇ ಕೇಳುವುದು. ‘ನಿನ್ನ ಹೆಡರ್ ಕಡತಗಳೆಲ್ಲಿ? ಲೈಬ್ರರಿ ಎಲ್ಲಿ? ಘಟಕಗಳ ಹೆಸರಿಗೆ ಯಾವ ಬಾಲವನ್ನು ಸೇರಿಸಬೇಕು?’ ಎಂಬ ಪ್ರಶ್ನೆಗಳಿಗೆ ಪೈಥಾನಿನೊಳಗಿನ ಸಿಸ್‌ಕಾನ್ಫಿಗ್ ಎಂಬ ಅಂಗವು ಉತ್ತರ ಕೊಡುತ್ತದೆ. 2018ರಲ್ಲಿ ಬಂದ ಸಿಮೇಕ್ 3.12ರಲ್ಲಿ ಹಳೆಯ ಎರಡು ಅಂಗಗಳನ್ನು ಬದಿಗಿರಿಸಿ, ದುಭಾಷಿಯನ್ನೂ ಅವನ ಪರಿಕರಗಳನ್ನೂ ಒಂದೇ ಮನೆತನದವೆಂದು ಖಚಿತಪಡಿಸಿಕೊಂಡು ಹುಡುಕುವ ಹೊಸ ಅಂಗವನ್ನು ಸೇರಿಸಲಾಯಿತು. ನಾನು ಅದನ್ನು ಬಳಸಿ, 3.8ರ ಪೂರ್ಣ ವಿಳಾಸವನ್ನು ಬರೆದುಕೊಟ್ಟೆನು. ಆದರೂ ಒಂದು ಬಾರಿ ಹಳೆಯ ಉತ್ತರವೇ ಬಂದಿತು! ಸಿಮೇಕ್ ಒಮ್ಮೆ ಕಂಡುಕೊಂಡುದನ್ನು ಒಂದು ಕಡತದಲ್ಲಿ ಬರೆದಿಟ್ಟು ಮರಳಿ ಅದನ್ನೇ ಓದುತ್ತದೆ. ಆ ಕಡತವನ್ನು ಅಳಿಸಿದ ಮೇಲೆ ಎಲ್ಲವೂ ಸರಿಹೋಯಿತು.

ಅವನನ್ನೇ ಕೇಳುವ ಈ ಉಪಾಯ ಸಾಗದ ಒಂದು ಸಂದರ್ಭವುಂಟು. ಒಂದು ಬಗೆಯ ಯಂತ್ರದಲ್ಲಿ ಕುಳಿತು ಇನ್ನೊಂದು ಬಗೆಯ ಯಂತ್ರಕ್ಕಾಗಿ ಬಿಲ್ಡ್ ಮಾಡುವಾಗ, ಉದಾಹರಣೆಗೆ ಇಂಟೆಲ್ ಯಂತ್ರದಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕಕ್ಕಾಗಿ ಕಟ್ಟುವಾಗ, ಆ ಗಣಕದ ದುಭಾಷಿಯು ಈ ಯಂತ್ರದಲ್ಲಿ ಬಾಯಿ ತೆರೆಯಲಾರನು. ಅವನು ಆರ್ಮ್ ಸಂಸ್ಕಾರಕದ ಭಾಷೆಯವನು. ಬಿಲ್ಡಿನ ನಡುವೆ ಸಣ್ಣಪುಟ್ಟ ಕೆಲಸಗಳನ್ನು ಮಾಡುವ ದುಭಾಷಿ ಇಲ್ಲಿಯವನಾಗಿರಬೇಕು, ಹೆಡರ್ ಕಡತಗಳೂ ಲೈಬ್ರರಿಯೂ ಅಲ್ಲಿಯವಾಗಿರಬೇಕು. ಆಗ ನಡೆಯುವ ಕಡತಗಳನ್ನು ಈ ಯಂತ್ರದಲ್ಲಿಯೂ, ಉಳಿದವನ್ನು ಆ ಗಣಕದ ಪ್ರತಿಯನ್ನಿರಿಸಿದ ಫೋಲ್ಡರಿನೊಳಗೆ ಮಾತ್ರವೂ ಹುಡುಕಬೇಕೆಂದು ಸಿಮೇಕ್‌ಗೆ ಮೊದಲೇ ಬರೆದುಕೊಡಬೇಕಾಗುತ್ತದೆ.

ಮೂರನೆಯ ದಿನ ಸಂಜೆ ಪಟ್ಟಿ ಸಿದ್ಧವಾಯಿತು. ಅನಂತರ ಬಂದ ಹೆಸರುಗಳನ್ನು ಅಧ್ಯಾಪಕರೇ ಸೇರಿಸಿದ್ದಾರೆ. ಶಾಲೆಯ ಆ ಯಂತ್ರದ ಬಳಿ ಗೋಡೆಯ ಮೇಲೆ ಒಂದು ಚೀಟಿಯನ್ನು ಅಂಟಿಸಿದ್ದೇನೆ. ಅದರಲ್ಲಿರುವುದು 3.8ರ ಪೂರ್ಣ ವಿಳಾಸ, ಮತ್ತು ಯಂತ್ರಕ್ಕೆ ಹೊಸ ಪೈಥಾನನ್ನು ತಂದವರು ಅಳಿಸಬೇಕಾದ ಆ ಕಡತದ ಹೆಸರು.