ಸಣ್ಣ ಕೋವಿ ಸಾಕು, ಅಳಿಯ

ಅಳಿಯ, ಫೇರ್‌ಬ್ಯಾಂಕ್ಸ್‌ಗೆ ಹೋಗಿ ಒಂದು ಚಳಿಗಾಲ ಕಳೆಯುವ ಮೊದಲೇ ಕೋವಿ ಅಂಗಡಿ ಹೊಕ್ಕಿದ್ದೀಯ. ನೀನು ಕಳಿಸಿದ ಫೋಟೊಗಳನ್ನೆಲ್ಲ ನೋಡಿದೆ. ದುರ್ಬೀನು, ಟಾರ್ಚು, ಮಡಚುವ ಹಿಡಿ, ಉದ್ದನೆಯ ಮ್ಯಾಗಜೀನು! ಮೊಲ ಹೊಡೆಯಲು ಹೊರಟವನಿಗೆ ಇಷ್ಟೆಲ್ಲ ಯಾಕೋ ಮಾರಾಯ? ಅದೇ ಅಲಾಸ್ಕದಲ್ಲಿ ತಲೆ ಹಣ್ಣಾಗಿಸಿಕೊಂಡವನು ನಾನು. ನೀನು ಕೇಳಿದ್ದು ಯಾವ ಬ್ರ್ಯಾಂಡ್ ಅಂತ ಮಾತ್ರ, ನಾನು ಹೇಳುವುದು ಸ್ವಲ್ಪ ಹೆಚ್ಚೇ ಇದೆ.

ಕೈಯಿಂದ ಬೋಲ್ಟ್ ಎಳೆದು ತೋಟಾ ಹಾಕುವ ಒಂದು ಸಾದಾ .22 ರೈಫಲ್ ತಗೋ. ಬ್ರ್ಯಾಂಡ್ ಯಾವುದಾದರೂ ಆಗಲಿ, ಹಳೆಯದಾದರೂ ಅಡ್ಡಿಯಿಲ್ಲ, ನಳಿಗೆ ಒಳಗೆ ತುಕ್ಕು ಹಿಡಿದಿರಬಾರದು. .22 ಲಾಂಗ್ ರೈಫಲ್ ತೋಟಾ 1887ರಿಂದ ಚಾಲ್ತಿಯಲ್ಲಿದೆ, ಅಲ್ಲಿನ ಸಣ್ಣ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಒಂದೊಂದು ತೋಟಾದ ತೂಕ ಮೂರೂವರೆ ಗ್ರಾಂ ಆಸುಪಾಸು. ನೂರು ತೋಟಾ ಜೇಬಿಗೆ ಹಾಕಿದರೂ ಅರ್ಧ ಕಿಲೋ ಆಗುವುದಿಲ್ಲ. 12 ಬೋರಿನ ಚರೆ ತೋಟಾ ನೂರು ಹೊತ್ತು ನೋಡು, ನಾಲ್ಕು ಕಿಲೋ ದಾಟುತ್ತದೆ. .22ಗೆ ಒದೆತವಿಲ್ಲ, ಸದ್ದೂ ಕಡಿಮೆ, ತೋಟಾ ಅಗ್ಗ. ಹಾಗಾಗಿ ಅಭ್ಯಾಸ ಮಾಡುವುದಕ್ಕೆ ಬೇಸರವಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಕೋವಿಯ ಗುಣಗಳಲ್ಲಿ ಮುಖ್ಯವಾದದ್ದು ಇದೇ.

ಒಂಟಿ ನಳಿಗೆಯ 20 ಬೋರ್ ಕೋವಿಯನ್ನೂ ನಾನು ಬೇಡ ಅನ್ನುವುದಿಲ್ಲ. ಹಾರುವ ಹಕ್ಕಿಗೆ ಅದೇ ಸರಿ. ಆದರೆ ಅಲ್ಲಿನ ಸ್ಪ್ರೂಸ್ ಗ್ರೌಸ್ ಅನ್ನುವ ಕಾಡುಕೋಳಿ ಹಾರುವುದೇ ಅಪರೂಪ. ಕೊಂಬೆಯ ಮೇಲೆ ಕೂತು ನಿನ್ನನ್ನೇ ನೋಡುತ್ತಿರುತ್ತದೆ. ಚರೆ ಹೊಡೆದರೆ ಊಟದ ಹೊತ್ತಿಗೆ ಹಲ್ಲಿಗೆ ಸೀಸ. ಮರಕ್ಕೆ ಹೆಗಲು ಆನಿಸಿ, ಉಸಿರು ಅರ್ಧ ಬಿಟ್ಟು ತಡೆದು, ತಲೆಗೆ ಒಂದು .22 ಇಟ್ಟರೆ ಮಾಂಸವೆಲ್ಲ ಹಾಗೇ ಉಳಿಯುತ್ತದೆ. ಮೊಲಕ್ಕೂ ಅದೇ ಮಾತು. ಚಳಿಗಾಲದಲ್ಲಿ ಅದು ಹಿಮದಷ್ಟೇ ಬಿಳಿ, ಮೈ ಕಾಣುವುದಿಲ್ಲ. ಕಪ್ಪು ಕಣ್ಣು, ಕಿವಿಯ ತುದಿಯ ಕಪ್ಪು, ಇವೆರಡನ್ನೇ ಹುಡುಕು. 50 ಗಜಕ್ಕೆ ಗುರಿ ಹೊಂದಿಸಿಕೋ. ನೂರು ಗಜದ ಹೊತ್ತಿಗೆ ಗುಂಡು ಐದಾರು ಇಂಚು ಕೆಳಗಿಳಿದಿರುತ್ತದೆ, ಅಷ್ಟು ದೂರ ಹೊಡೆಯುವ ಆಸೆಯೇ ಬೇಡ. ಆದರೆ ಗುರಿ ತಪ್ಪಿದ ಗುಂಡು ಎರಡು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಪ್ರಾಣಿಯ ಹಿಂದೆ ಮಣ್ಣಿನ ದಿಬ್ಬವೋ ದಪ್ಪ ಮರವೋ ಕಾಣದಿದ್ದರೆ ಟ್ರಿಗರ್ ಮುಟ್ಟಬೇಡ.

ನಿನ್ನ ಅಜ್ಜನ ಹತ್ತಿರ ಇದ್ದದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಗಿಡಿದು, ಮೇಲೆ ಗುಂಡು ಹಾಕಬೇಕು. ಒಂದು ಈಡು ತಪ್ಪಿದರೆ ಇನ್ನೊಂದು ತುಂಬುವಷ್ಟರಲ್ಲಿ ಹಂದಿ ಗದ್ದೆ ದಾಟಿ ಹೋಗಿರುತ್ತಿತ್ತು. ಅದಕ್ಕೇ ಅಪ್ಪಯ್ಯ ಖಾತ್ರಿಯಾಗದೆ ಈಡು ಹಾರಿಸುತ್ತಿರಲಿಲ್ಲ. ಬೋಲ್ಟ್ ರೈಫಲ್ ಕೂಡ ನಿನ್ನನ್ನು ಹೀಗೇ ನಿಧಾನ ಮಾಡುತ್ತದೆ. ತನ್ನಷ್ಟಕ್ಕೆ ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್ಕಿಗೆ ತೋಟಾದ ಬಲ ಹೆಚ್ಚುಕಡಿಮೆಯಾದರೂ ಚಳಿಯಲ್ಲಿ ಎಣ್ಣೆ ಗಟ್ಟಿಯಾದರೂ ಮುನಿಸು. ಹಿಡಿಯೊಳಗೆ ಬಿಡಿಭಾಗಗಳನ್ನೆಲ್ಲ ತುಂಬಿಡುವ ಎಆರ್-7 ರೈಫಲನ್ನು ನೀನು ಮೆಚ್ಚಿಕೊಂಡಿದ್ದೀಯಲ್ಲ, ವಿಮಾನ ಬಿದ್ದ ಪೈಲಟ್ಟಿಗೆಂದು ಹುಟ್ಟಿದ ಯೋಚನೆ ಅದು. ನೀನು ನಡೆದು ಹೋಗುವವನು.

ಈಗ ಅಸಲು ವಿಷಯ. 1992ರ ಏಪ್ರಿಲ್‌ನಲ್ಲಿ ಕ್ರಿಸ್ ಮೆಕ್‌ಕ್ಯಾಂಡ್ಲೆಸ್ ಎಂಬ 24ರ ಹುಡುಗ ನಿನ್ನ ಊರಿನಿಂದಲೇ ಹೊರಟು ಸ್ಟ್ಯಾಂಪೀಡ್ ಹಾದಿ ಹಿಡಿದ. ಹತ್ತು ಪೌಂಡ್ ಅಕ್ಕಿ, ಗಿಡಗಳ ಬಗ್ಗೆ ಒಂದು ಪುಸ್ತಕ, ಒಂದು .22 ರೈಫಲ್. ಕಾಡಿನಲ್ಲಿ ಪಾಳುಬಿದ್ದಿದ್ದ ಬಸ್ಸಿನಲ್ಲಿ ಉಳಿದ. ಅವನ ಕೋವಿ ಕೈಕೊಡಲಿಲ್ಲ, ನೆನಪಿಟ್ಟುಕೋ. ಅಳಿಲು, ಮುಳ್ಳುಹಂದಿ, ಹಕ್ಕಿ, ಎಲ್ಲ ಹೊಡೆದ. ಜೂನ್‌ನಲ್ಲಿ ಅದೇ ಸಣ್ಣ ಕೋವಿಯಿಂದ ಮೂಸ್ ಎಂಬ ದೊಡ್ಡ ಜಿಂಕೆಯನ್ನೂ ಕೆಡವಿದ. ದೊಡ್ಡ ಪ್ರಾಣಿಗೆ .22 ಬಳಸುವುದು ಸಾಮಾನ್ಯವಾಗಿ ಅಲ್ಲಿ ಕಾನೂನಿಗೇ ವಿರುದ್ಧ, ಅದು ಬೇರೆ ಮಾತು. ಅಷ್ಟು ಮಾಂಸವನ್ನು ಕೆಡದಂತೆ ಇಡಲು ಅವನಿಗೆ ಬರಲಿಲ್ಲ. ಹೊಗೆ ಹಾಕಿ ನೋಡಿದ, ಹುಳ ಬಿತ್ತು. ಮೂಸ್ ಹೊಡೆದದ್ದೇ ತಪ್ಪಾಯಿತೆಂದು ದಿನಚರಿಯಲ್ಲಿ ಬರೆದುಕೊಂಡ. ಜುಲೈನಲ್ಲಿ ವಾಪಸು ಹೊರಟರೆ ಟೆಕ್ಲಾನಿಕಾ ನದಿ ತುಂಬಿ ಹರಿಯುತ್ತಿತ್ತು. ಆಗಸ್ಟ್‌ನಲ್ಲಿ ಆ ಬಸ್ಸಿನಲ್ಲೇ ಸತ್ತ. ಶವದ ತೂಕ ಮೂವತ್ತು ಕಿಲೋದಷ್ಟು. ಅವನ ದಾರಿ ಹಿಡಿದು ಹೋದವರಲ್ಲಿ ಕೆಲವರು ನೀರುಪಾಲಾದ ಮೇಲೆ, 2020ರಲ್ಲಿ ಸರ್ಕಾರ ಬಸ್ಸನ್ನೇ ಹೆಲಿಕಾಪ್ಟರಿನಲ್ಲಿ ಎತ್ತಿ ತಂದಿತು.

ಅವನ ಬಳಿ ವಿವರವಾದ ಒಂದು ನಕ್ಷೆ ಇದ್ದಿದ್ದರೆ, ಸ್ವಲ್ಪ ದೂರದಲ್ಲೇ ನದಿಗೆ ಅಡ್ಡ ಕಟ್ಟಿದ್ದ ತಂತಿಯ ತೊಟ್ಟಿಲು ಗೊತ್ತಾಗುತ್ತಿತ್ತು. ಕೋವಿಗೆ ಎಷ್ಟು ಖರ್ಚು ಮಾಡುತ್ತೀಯೋ ಅದರ ಅರ್ಧದಷ್ಟನ್ನಾದರೂ ನಕ್ಷೆ, ಬೆಂಕಿಪೆಟ್ಟಿಗೆ, ಸ್ಯಾಟಲೈಟ್ ಸಂದೇಶದ ಉಪಕರಣಕ್ಕೆ ಇಡು. ಮತ್ತೆ ಬೆಣ್ಣೆ. ನಗಬೇಡ. ಮೊಲದ ಮಾಂಸದಲ್ಲಿ ಕೊಬ್ಬೇ ಇಲ್ಲ. ಬರೀ ಅದನ್ನೇ ತಿಂದರೆ ಹೊಟ್ಟೆ ತುಂಬಿದ್ದರೂ ಹಸಿವು ಹೋಗುವುದಿಲ್ಲ, ಭೇದಿ ಹತ್ತಿಕೊಂಡು ಮನುಷ್ಯ ಸೊರಗುತ್ತಾನೆ. ಆ ಕಡೆಯವರಿಗೆಲ್ಲ ಗೊತ್ತಿರುವ ಸಂಗತಿ ಇದು. ಅದೂ ಅಲ್ಲದೆ ಮೊಲ ಎಲ್ಲ ವರ್ಷವೂ ಇರುವುದಿಲ್ಲ. ಸುಮಾರು ಹತ್ತು ವರ್ಷಕ್ಕೊಮ್ಮೆ ಕಾಡು ತುಂಬ ಓಡಾಡುತ್ತವೆ, ಆಮೇಲೆ ಒಮ್ಮೆಲೇ ಕುಸಿಯುತ್ತವೆ. ಸಿಕ್ಕಿದ ಮೊಲವನ್ನು ಬರಿಗೈಯಲ್ಲಿ ಸುಲಿಯಬೇಡ, ಟ್ಯುಲರೀಮಿಯಾ ಎಂಬ ಜ್ವರ ಅಂಟುತ್ತದೆ. ಈಲಿಯ ಮೇಲೆ ಬಿಳಿ ಚುಕ್ಕೆ ಕಂಡರೆ ಆಸೆ ಬಿಟ್ಟು ಎಸೆ. ಕರಡಿಗೆ .22 ಏನೂ ಅಲ್ಲ, ಸೊಂಟಕ್ಕೆ ಬೇರ್ ಸ್ಪ್ರೇ ಇರಲಿ.

ಚಳಿಗಾಲದಲ್ಲಿ ಬೋಲ್ಟಿನ ಎಣ್ಣೆಯನ್ನೆಲ್ಲ ಒರೆಸಿ ಒಣಗಿಸಿ ಇಡು. ಮೈನಸ್ ಮೂವತ್ತರಿಂದ ಬಂದ ಕೋವಿಯನ್ನು ನೇರ ಬೆಚ್ಚನೆಯ ಕೋಣೆಗೆ ತಂದರೆ ಒಳಗೆಲ್ಲ ನೀರು ಕೂರುತ್ತದೆ, ಮರುದಿನ ಹೊರಗೆ ಹೋದಾಗ ಅದು ಮಂಜುಗಡ್ಡೆ. ತೋಟಾ ತೆಗೆದು, ಬೀಗವಿರುವ ತಣ್ಣನೆಯ ಕೋಣೆಯಲ್ಲೇ ಬಿಡು. ಟ್ರಿಗರ್ ಎಳೆದು ಟಕ್ ಅಂದು ಸುಮ್ಮನಾದರೆ ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ಬೋಲ್ಟ್ ತೆಗೆ. ತಡವಾಗಿ ಹಾರುವ ತೋಟಾ ಉಂಟು.

ಇದೆಲ್ಲಕ್ಕೂ ಮೊದಲು ಇನ್ನೊಂದಿದೆ. ನೀನಿನ್ನೂ ಎಚ್‌1ಬಿ ವೀಸಾದವನು. ಗ್ರೀನ್ ಕಾರ್ಡ್ ಇಲ್ಲದೆ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯಾಗಲಿ ತೋಟಾವಾಗಲಿ ಇಟ್ಟುಕೊಳ್ಳುವುದೇ ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಆದ್ದರಿಂದ ಮೊದಲು ಬೇಟೆ ಸುರಕ್ಷತೆಯ ತರಬೇತಿ, ಆಮೇಲೆ ಪರವಾನಗಿ, ಅಂಗಡಿ ಕೊನೆಗೆ. ವೀಸಾ ನೋಡುವ ವಕೀಲರನ್ನೂ ಒಂದು ಮಾತು ಕೇಳು. ಅಕ್ಕನಿಗೆ ಮಾತ್ರ ಈ ಕೋವಿ ವಿಷಯ ನೀನೇ ಹೇಳಬೇಕು, ನನ್ನ ಹೆಸರು ತೆಗೆಯಬೇಡ.