ನಿದ್ದೆ ಬಾರದವರ ಮೈ ಮುಟ್ಟಿ ನೋಡಬೇಕು

ವಾಷಿಂಗ್ಟನ್ನಿನ ಕಾವೇರಿ ಕನ್ನಡ ಸಂಘವಾಗಲಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟವಾಗಲಿ, ನಮ್ಮವರು ಸೇರಿದ ಕಡೆ ನಿದ್ದೆಯ ಮಾತು ಬಂದರೆ ಕಾರಣವೂ ಅದರ ಬೆನ್ನಿಗೇ ಬರುತ್ತದೆ: ಬೆಂಗಳೂರಿನ ತಂಡದ ಜೊತೆ ತಡರಾತ್ರಿಯ ಮೀಟಿಂಗು, ವೀಸಾದ ಚಿಂತೆ, ಊರಲ್ಲಿರುವ ಅಪ್ಪ ಅಮ್ಮ. ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದೆ ಓಡುವ ಗಡಿಯಾರಕ್ಕೆ ಬದುಕನ್ನು ಒಗ್ಗಿಸಿಕೊಂಡವರಿಗೆ ಅಷ್ಟು ವಿವರಣೆ ಸಾಕೆನಿಸುತ್ತದೆ. ವಿಡಿಯೋದಲ್ಲೇ ವೈದ್ಯರನ್ನು ಕಂಡು ಮುಗಿಸುವ ಅನುಕೂಲವೂ ಈಗ ಇದೆ. ಇಷ್ಟು ವರ್ಷ ಇಲ್ಲಿದ್ದು ನಾನು ಕಲಿತದ್ದು ಬೇರೆ. ಚಿಂತೆ ನಿಜವೇ ಇರಬಹುದು, ಆದರೆ ದೇಹವನ್ನು ಪರೀಕ್ಷಿಸದೆ ಅದೊಂದನ್ನೇ ಕಾರಣವೆಂದು ಒಪ್ಪಿಕೊಳ್ಳಬಾರದು.

ನಿದ್ರಾಹೀನತೆ ಮೈಮೇಲೆ ಗುರುತು ಬಿಡುವುದಿಲ್ಲವಲ್ಲ, ಮತ್ತೆ ಪರೀಕ್ಷೆ ಯಾಕೆ ಎಂದು ಕೇಳುವವರಿದ್ದಾರೆ. ಗುರುತು ಬಿಡುವುದಿಲ್ಲ, ನಿಜ. ಹುಡುಕಬೇಕಾದದ್ದು ಅದರ ಹಿಂದೆ ಅಡಗಿರುವ ಕಾಯಿಲೆಯ ಗುರುತನ್ನು. ಓಡುವ ನಾಡಿ, ಚಾಚಿದ ಬೆರಳುಗಳ ಸಣ್ಣ ನಡುಕ, ಗಂಟಲಿನ ಊತ ಇದ್ದರೆ ಥೈರಾಯ್ಡ್ ಮೇಲೆ ಸಂಶಯ ಬರಬೇಕು. ಒತ್ತಿದರೆ ಕುಳಿ ಬೀಳುವ ಪಾದ, ಮಲಗಿದೊಡನೆ ಕಟ್ಟುವ ಉಸಿರು ಹೃದಯದ ಕಡೆ ಬೆರಳು ತೋರಿಸುತ್ತವೆ. ಬಾಯಿ ಅಗಲಿಸಿದಾಗ ಗಂಟಲು ಎಷ್ಟು ಕಾಣುತ್ತದೆ ಎಂಬುದಕ್ಕೆ ಬಾಸ್ಟನ್ನಿನ ಅರಿವಳಿಕೆ ತಜ್ಞ ಶೇಷಗಿರಿ ರಾವ್ ಮಲ್ಲಂಪಾಟಿ 1985ರಲ್ಲಿ ಕೊಟ್ಟ ಶ್ರೇಣಿಯನ್ನು ನಿದ್ರಾ ವೈದ್ಯರೂ ಬಳಸುತ್ತಾರೆ. ಕತ್ತಿನ ಸುತ್ತಳತೆ ಗಂಡಸರಲ್ಲಿ 17, ಹೆಂಗಸರಲ್ಲಿ 16 ಇಂಚು ದಾಟಿದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ, ಇರುವ ಸಂಭವ ಹೆಚ್ಚು. ಆದರೆ ತೆಳ್ಳಗಿದ್ದವರು ಪಾರಾದರು ಎಂದಲ್ಲ. ಹಿಂದೆ ಸರಿದ ಸಣ್ಣ ದವಡೆಯೂ ಉಸಿರಿನ ದಾರಿಯನ್ನು ಕಿರಿದಾಗಿಸುತ್ತದೆ.

ಆಪ್ನಿಯಾ ಪತ್ತೆಗೆ ಮನೆಯಲ್ಲೇ ಮಾಡುವ ಪರೀಕ್ಷೆ ಇರುವಾಗ ಕತ್ತು ಅಳೆಯುವ ಟೇಪು ಯಾಕೆ? ಸಂಶಯ ಹುಟ್ಟಿದವರನ್ನಷ್ಟೇ ಆ ಪರೀಕ್ಷೆಗೆ ಕಳಿಸುತ್ತಾರೆ. ಬರೀ ನಿದ್ರಾಹೀನತೆ ಎಂದವರಿಗೆ ಅದು ವಾಡಿಕೆಯಲ್ಲ. ಸಂಶಯವೇ ಹುಟ್ಟದಿದ್ದರೆ ಉಳಿಯುವುದು ಮಾತ್ರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಹೆಂಗಸರಿಗೆ ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆಯ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿತು. 2019ರಲ್ಲಿ, ನಿದ್ದೆಗಣ್ಣಲ್ಲೇ ನಡೆದು, ಕಾರು ಓಡಿಸಿ ಅಪಾಯಕ್ಕೀಡಾಗುವವರ ಬಗ್ಗೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಅಚ್ಚಾಗಬೇಕೆಂದಿತು. ಕಾರಣ ನೋಡದೆ ನುಂಗುವ ಔಷಧವಲ್ಲ ಅದು.

ಕೈಗೆ ಸಿಗದ ಕಾರಣಗಳೂ ಇವೆ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ರಾತ್ರಿ ಕಾಲು ಸುಮ್ಮನಿರಲೊಲ್ಲದು ಎನ್ನುವವರಲ್ಲಿ ರಕ್ತಹೀನತೆಯಿಲ್ಲದೆಯೂ ಕಬ್ಬಿಣದ ಸಂಗ್ರಹ ಇಳಿದಿರಬಹುದು. ಅದಕ್ಕೆ ಫೆರಿಟಿನ್ ಪರೀಕ್ಷೆಯೇ ಬೇಕು. ಎಲ್ಲವೂ ಸರಿ ಎಂದು ಗೊತ್ತಾದ ಮೇಲೆ, ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಮೊದಲ ಚಿಕಿತ್ಸೆಯೆಂದು ಸೂಚಿಸಿದ ಸಿಬಿಟಿ-ಐ, ಅಂದರೆ ನಿದ್ದೆಯ ಅಭ್ಯಾಸಗಳನ್ನೂ ಅದರ ಬಗೆಗಿನ ಯೋಚನೆಗಳನ್ನೂ ತಿದ್ದುವ ಕ್ರಮವನ್ನು, ಅಳುಕಿಲ್ಲದೆ ಹಿಡಿಯಬಹುದು.